ಹತ್ತಡಿ ಮಳಿಗೆಯಲ್ಲಿ ಮೂರು ವರ್ಷದ ತೋಟ



ಗಣರಾಜ್ಯೋತ್ಸವದ ಹೊತ್ತಿಗೆ ಒಮ್ಮೆ, ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಮತ್ತೊಮ್ಮೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದು ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಅನೇಕರು ಮನೆಯವರೊಡನೆಯೋ ಶಾಲೆಯ ಪ್ರವಾಸದಲ್ಲಿಯೋ ಹೋಗಿ, ಗಾಜಿನ ಮನೆಯೊಳಗೆ ಹೂವಿನಿಂದ ಕಟ್ಟಿದ ಮಾದರಿಯನ್ನು ನೋಡಿ ಬಂದಿರಬಹುದು. ಆದರೆ ಗಾಜಿನ ಮನೆಯಿಂದ ಹೊರಬಂದ ಮೇಲೆ ಸಿಗುವ ಮಳಿಗೆಗಳ ಸಾಲನ್ನು ಎಂದಾದರೂ ನಿಂತು ಗಮನಿಸಿದ್ದೀರಾ? ಬೀಜ, ಗೊಬ್ಬರ, ಕುಂಡ, ಕತ್ತರಿ ಮಾರುವವರ ನಡುವೆ ಎಲ್ಲೋ ಒಂದೆಡೆ ‘ಕೈತೋಟ ಮಾಡಿಕೊಡಲಾಗುವುದು’ ಎಂಬ ಫಲಕ ಕಾಣುತ್ತದೆ. ನಾಲ್ಕು ಕುಂಡ, ಒಂದು ಮೇಜು, ಒಂದಷ್ಟು ಕರಪತ್ರ, ಹಿಂದೆ ಒಬ್ಬ ಮನುಷ್ಯ. ಬೀಜ ಮಾರುವವನ ಗಲ್ಲಾಪೆಟ್ಟಿಗೆಯಲ್ಲಿ ಸಂಜೆಗೆ ಹಣ ಕಾಣುತ್ತದೆ. ಈತ ಬೆಳಗಿನಿಂದ ಮಾತಾಡಿದ್ದೇ ಮಾತಾಡಿದ್ದು, ಒಂದು ರೂಪಾಯಿಯೂ ಬಂದಿರುವುದಿಲ್ಲ. ಆದರೂ ಬಾಡಿಗೆ ಕೊಟ್ಟು ಇಲ್ಲಿ ಏಕೆ ನಿಂತಿದ್ದಾನೆ?

ಈ ಪ್ರಶ್ನೆಗೆ ಉತ್ತರ ಹುಡುಕುವುದು ಬರಿಯ ಕುತೂಹಲದ ವಿಷಯವಲ್ಲ. ತೋಟಗಾರಿಕೆಯನ್ನೋ ಸಸ್ಯಶಾಸ್ತ್ರವನ್ನೋ ಓದಿದವರಲ್ಲಿ ಕೆಲವರು ನೌಕರಿಗೆ ಕಾಯದೆ ಉದ್ಯಾನ ನಿರ್ಮಾಣದ ಸಣ್ಣ ಉದ್ಯೋಗ ಹೂಡುತ್ತಾರೆ. ಮೂವರು ಕೆಲಸಗಾರರು, ಒಂದು ಹಳೆಯ ಗೂಡ್ಸ್ ಆಟೋ, ಬ್ಯಾಂಕಿನ ಸಾಲ: ಇಷ್ಟೇ ಬಂಡವಾಳ. ಅಂಥವರಿಗೆ ಒಂದು ಪ್ರದರ್ಶನದ ಖರ್ಚು ಒಂದು ಹಂಗಾಮಿನ ಉಳಿತಾಯಕ್ಕೆ ಸಮ. ಅದು ಫಲಿಸಿದರೆ ಮುಂದಿನ ವರ್ಷ ಉದ್ಯೋಗ ನಿಲ್ಲುತ್ತದೆ, ಇಲ್ಲದಿದ್ದರೆ ಸಂಬಳ ನಂಬಿದ ಮೂರು ಮನೆಗಳಿಗೆ ಕಷ್ಟ. ಆದ್ದರಿಂದ ಮಳಿಗೆ ಹಾಕುವ ವಿದ್ಯೆಯನ್ನೂ ಸ್ವಲ್ಪ ಲೆಕ್ಕ, ಸ್ವಲ್ಪ ವಿಜ್ಞಾನ ಬೆರೆಸಿ ನೋಡೋಣ.

ಪ್ರದರ್ಶನಕ್ಕೂ ತೋಟಗಾರನಿಗೂ ಹಳೆಯ ನಂಟು

ಇಂದಿನ ದೊಡ್ಡ ವಸ್ತುಪ್ರದರ್ಶನಗಳ ಪೂರ್ವಜನೆಂದರೆ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನ. ಐದೂವರೆ ತಿಂಗಳಲ್ಲಿ ಸುಮಾರು 60 ಲಕ್ಷ ಪ್ರವೇಶಗಳನ್ನು ಕಂಡ ಆ ಪ್ರದರ್ಶನಕ್ಕೆ ಕಬ್ಬಿಣ ಮತ್ತು ಗಾಜಿನ ‘ಕ್ರಿಸ್ಟಲ್ ಪ್ಯಾಲೇಸ್’ ಕಟ್ಟಡವನ್ನು ರೂಪಿಸಿದವನು ವಾಸ್ತುಶಿಲ್ಪಿಯಲ್ಲ, ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ. ಡೆವನ್‌ಶೈರ್ ಡ್ಯೂಕರ ಚಾಟ್ಸ್‌ವರ್ತ್ ತೋಟದಲ್ಲಿ ಗಾಜಿನ ಸಸ್ಯಗೃಹಗಳನ್ನು ಕಟ್ಟಿ, ದೈತ್ಯ ತಾವರೆಯನ್ನು ಹೂ ಬಿಡಿಸಿ ಪಳಗಿದ್ದ ಅವನು ಅದೇ ವಿದ್ಯೆಯನ್ನು ಇಲ್ಲಿ ದೊಡ್ಡದಾಗಿಸಿದ. ಪಾರ್ಕಿನಲ್ಲಿ ಬೆಳೆದು ನಿಂತಿದ್ದ ಎಲ್ಮ್ ಮರಗಳನ್ನು ಕಡಿಯದೆ, ಅವುಗಳ ಮೇಲೆಯೇ ಕಮಾನು ಕಟ್ಟಿ ಕಟ್ಟಡದೊಳಕ್ಕೆ ಸೇರಿಸಿಕೊಂಡ.

ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೂ ಈ ಕ್ರಿಸ್ಟಲ್ ಪ್ಯಾಲೇಸೇ ಮಾದರಿ. ಜಾನ್ ಕ್ಯಾಮರಾನ್ ಅವರು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದಾಗ, 1889ರ ನವೆಂಬರ್ 30ರಂದು ಅದಕ್ಕೆ ಶಂಕುಸ್ಥಾಪನೆಯಾಯಿತು. ಇಂದು ಅಲ್ಲಿ ತೋಟಗಾರಿಕೆ ಇಲಾಖೆಯೂ ಮೈಸೂರು ಉದ್ಯಾನ ಕಲಾ ಸಂಘವೂ ಕೂಡಿ ಪ್ರದರ್ಶನ ನಡೆಸುತ್ತವೆ. ಅಂದರೆ ತೋಟಗಾರ ಪ್ರದರ್ಶನಕ್ಕೆ ಬಂದ ಹೊಸ ನೆಂಟನಲ್ಲ. ಪ್ರದರ್ಶನದ ಮನೆ ಕಟ್ಟಿದವನೇ ಅವನು.

ತರಲಾಗದ ಸರಕು

ಇಷ್ಟಾದರೂ ಉದ್ಯಾನ ನಿರ್ಮಿಸುವವನಿಗೆ ಪ್ರದರ್ಶನದಲ್ಲಿ ಒಂದು ವಿಚಿತ್ರ ತೊಡಕಿದೆ. ಮಿಕ್ಸಿ ಮಾರುವವನು ಮಿಕ್ಸಿಯನ್ನೇ ತಂದು, ಎಲ್ಲರೆದುರು ಚಟ್ನಿ ರುಬ್ಬಿ ತೋರಿಸುತ್ತಾನೆ. ನೋಡಿದವರು ಅದನ್ನೇ ಕೊಂಡೊಯ್ಯುತ್ತಾರೆ. ಉದ್ಯಾನದವನ ಸರಕು ಎಲ್ಲಿದೆ? ಅದು ಗಿರಾಕಿಯ ಮನೆಯಂಗಳದಲ್ಲಿ ಇನ್ನೂ ಹುಟ್ಟಬೇಕಾಗಿದೆ. ಸಸಿ ನೆಟ್ಟ ದಿನ ಅದು ತೋಟವಾಗಿರುವುದಿಲ್ಲ. ಮಲ್ಲಿಗೆ ಬಳ್ಳಿ ಚಪ್ಪರಕ್ಕೆ ಏರಲು, ಬೇಲಿಯ ಗಿಡ ಒತ್ತಾಗಿ ಕೂಡಿಕೊಳ್ಳಲು, ಸಂಪಿಗೆ ನೆರಳು ಕೊಡಲು ವರ್ಷಗಳು ಬೇಕು.

ಹಾಗಾದರೆ ಮಳಿಗೆಯಲ್ಲಿ ಆತ ಮಾರುತ್ತಿರುವುದೇನು? ಕಾಲವನ್ನು. ‘ಮೂರು ವರ್ಷದ ನಂತರ ನಿಮ್ಮ ಅಂಗಳ ಹೀಗಿರುತ್ತದೆ, ಅಲ್ಲಿಯವರೆಗೆ ನಾನು ಜೊತೆಗಿರುತ್ತೇನೆ’ ಎಂಬ ಮಾತನ್ನು. ಈ ಒಂದು ಸಂಗತಿ ಮನಸ್ಸಿಗೆ ಬಂದರೆ ಯಾವ ಪ್ರದರ್ಶನಕ್ಕೆ ಹೋಗಬೇಕು, ಮಳಿಗೆಯಲ್ಲಿ ಏನಿಡಬೇಕು, ಬಂದವರೊಡನೆ ಏನು ಮಾತಾಡಬೇಕು ಎಂಬುದೆಲ್ಲ ತಾನಾಗಿಯೇ ತಿಳಿಯಾಗುತ್ತದೆ.

ಜನಸಂದಣಿಯೆಂಬ ಭ್ರಮೆ

ಪ್ರದರ್ಶನಕ್ಕೆ ಲಕ್ಷಾಂತರ ಜನ ಬರುತ್ತಾರೆಂದು ಕೇಳಿ ಹೊಸಬರು ಹಿಗ್ಗುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ. ಪ್ರದರ್ಶನ 10 ದಿನ, ದಿನಕ್ಕೆ 10 ಗಂಟೆ ಎಂದುಕೊಳ್ಳಿ. ಒಟ್ಟು 100 ಗಂಟೆ, ಅಂದರೆ 6,000 ನಿಮಿಷ. ಒಬ್ಬ ಗಿರಾಕಿಯೊಡನೆ ಉಪಯುಕ್ತವಾದ ಮಾತಿಗೆ ಕನಿಷ್ಠ 5 ನಿಮಿಷ ಬೇಕು. ಉಸಿರು ಬಿಡದೆ ಮಾತಾಡಿದರೂ 1,200 ಮಂದಿ. ಊಟ, ಗಿಡಕ್ಕೆ ನೀರು, ಜನವಿಲ್ಲದ ಮುಂಜಾನೆ ಇವನ್ನೆಲ್ಲ ಕಳೆದರೆ 600. ಹೊರಗೆ ಲಕ್ಷ ಜನ ಬರಲಿ, ಹತ್ತು ಲಕ್ಷ ಬರಲಿ, ನಿಮ್ಮ ಪಾಲಿನವರು ಈ 600 ಮಂದಿಯೇ. ನೀರಿನ ತೊಟ್ಟಿ ಎಷ್ಟೇ ದೊಡ್ಡದಾಗಿರಲಿ, ನಲ್ಲಿಯ ಬಾಯಿ ಎಷ್ಟೋ ಅಷ್ಟೇ ನೀರು. ಇಲ್ಲಿ ನಲ್ಲಿಯೆಂದರೆ ನಿಮ್ಮ ಬಾಯಿ!

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ಜನ ಬರುತ್ತಾರೆ’ ಎಂಬುದಲ್ಲ, ‘ಎಂಥವರು ಬರುತ್ತಾರೆ’ ಎಂಬುದು. ಲಾಲ್‌ಬಾಗಿಗೆ ಬರುವವರಲ್ಲಿ ಹೂ ನೋಡಿ, ಮಕ್ಕಳಿಗೆ ಜೋಳ ಕೊಡಿಸಿ ಮನೆಗೆ ಮರಳುವವರೇ ಹೆಚ್ಚು. ಆದರೆ ಗಿಡದ ಮೇಲೆ ಪ್ರೀತಿಯಿರುವವರೂ ಅಲ್ಲಿಗೇ ಬರುತ್ತಾರೆ. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯ ನಡೆಸುವ ಕೃಷಿಮೇಳಕ್ಕೆ ಬರುವವರು ಮುಖ್ಯವಾಗಿ ರೈತರು. ಅವರಿಗೆ ಬೇಕಾದದ್ದು ಹೊಸ ತಳಿ, ಯಂತ್ರ, ಹನಿ ನೀರಾವರಿ. ಅಂಗಳಕ್ಕೆ ಹುಲ್ಲುಹಾಸು ಹಾಕಿಸುವವರು ಅಲ್ಲಿ ವಿರಳ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೇಳ ಗಿರಾಕಿಯನ್ನು ಹುಡುಕುವುದಕ್ಕಿಂತ ನೀವೇ ಹೋಗಿ ಕಲಿಯುವುದಕ್ಕೆ ಒಳ್ಳೆಯ ಜಾಗ.

ಇನ್ನು ಮನೆಕಟ್ಟುವ ಸಾಮಗ್ರಿಗಳ ಪ್ರದರ್ಶನಗಳಿವೆ. ಹೆಂಚು, ನಲ್ಲಿ, ಬಾಗಿಲು, ಬಣ್ಣ ನೋಡಲು ಬರುವವರು ಅಲ್ಲಿ ಸೇರುತ್ತಾರೆ. ಒಬ್ಬ ಸಣ್ಣ ಉದ್ಯಾನದವನಿಗೆ ಇದಕ್ಕಿಂತ ಒಳ್ಳೆಯ ಸಂತೆ ಇಲ್ಲವೆಂದೇ ಹೇಳಬಹುದು. ಅಲ್ಲಿಗೆ ಬಂದವರ ಕೈಯಲ್ಲಿ ಮನೆಯ ನಕ್ಷೆ ಇರುತ್ತದೆ, ಖರ್ಚು ಮಾಡುವ ನಿರ್ಧಾರ ಆಗಿರುತ್ತದೆ. ಸುತ್ತ ನೂರು ಮಂದಿ ಹೆಂಚು ಮಾರುವವರ ನಡುವೆ ಹಸಿರು ಮಳಿಗೆ ಒಂದೇ ಇದ್ದರೆ ಕಣ್ಣಿಗೂ ಬೀಳುತ್ತದೆ. ಮನೆಯ ನಕ್ಷೆ ಬರೆಯುವ ವಾಸ್ತುಶಿಲ್ಪಿಯೊಬ್ಬರ ಪರಿಚಯವಾದರೆ ಅದು ಹತ್ತು ಗಿರಾಕಿಗಳಿಗೆ ಸಮ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕೋವಿಡ್ ಕಾಲದಲ್ಲಿ ಲಾಲ್‌ಬಾಗಿನ ಪ್ರದರ್ಶನ ನಿಂತುಹೋಗಿತ್ತು. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರಿಗೆ ಅರ್ಪಿಸಿದ ಪ್ರದರ್ಶನದೊಂದಿಗೆ ಅದು ಮತ್ತೆ ಆರಂಭವಾಯಿತು. ಒಂದೇ ಸಂತೆಯನ್ನು ನಂಬಿದವನಿಗೆ ಆ ಸಂತೆ ನಡೆಯದ ವರ್ಷ ಒಲೆ ಹೊತ್ತುವುದು ಕಷ್ಟ. ಪ್ರದರ್ಶನ ಒಂದು ಬಾಗಿಲು ಮಾತ್ರ. ಮನೆಗೆ ಇನ್ನೂ ಬಾಗಿಲುಗಳಿರಬೇಕು.

ಹಂಗಾಮಿನ ಲೆಕ್ಕ

ಜನವರಿಯ ಪ್ರದರ್ಶನಕ್ಕೂ ಆಗಸ್ಟಿನದಕ್ಕೂ ಹೂವಿನಲ್ಲಿ ಮಾತ್ರವಲ್ಲ, ವ್ಯಾಪಾರದಲ್ಲಿಯೂ ವ್ಯತ್ಯಾಸವಿದೆ. ಜನವರಿಯಲ್ಲಿ ಒಪ್ಪಿದ ಗಿರಾಕಿಯ ಅಂಗಳದಲ್ಲಿ ಫೆಬ್ರುವರಿಯಲ್ಲಿ ಸಸಿ ನೆಟ್ಟರೆ ಮುಂದೆ ಬರುವುದು ಬೇಸಿಗೆ. ಬೇರು ಹಿಡಿಯುವ ಮೊದಲೇ ಬಿಸಿಲು ಹಿಡಿಯುತ್ತದೆ. ಆಗಸ್ಟಿನಲ್ಲಿ ಒಪ್ಪಿದವರಿಗೆ ಕೂಡಲೇ ನೆಡಬಹುದು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳು ಒಳ್ಳೆಯ ಮಳೆಯ ತಿಂಗಳುಗಳು. ಬಲ್ಲವರು ಜನವರಿಯ ಗಿರಾಕಿಗೆ, ‘ಈಗ ನೆಲ ಹದ ಮಾಡಿ, ಕಲ್ಲುಹಾದಿ ಹಾಕಿ, ನೀರಿನ ಕೊಳವೆ ಹೂಳೋಣ. ಮಳೆ ಬಿದ್ದ ಮೇಲೆ ಗಿಡ ನೆಡೋಣ’ ಎನ್ನುತ್ತಾರೆ. ಇದರಿಂದ ಕೆಲಸವೂ ವರ್ಷದುದ್ದಕ್ಕೂ ಹಂಚಿಹೋಗುತ್ತದೆ, ಗಿಡವೂ ಉಳಿಯುತ್ತದೆ.

ಮಳಿಗೆಯೊಳಗಿನ ವಿಜ್ಞಾನ

ಸಾಮಾನ್ಯವಾಗಿ ಮಳಿಗೆ 10 ಅಡಿಗೆ 10 ಅಡಿ. ‘ಇದರಲ್ಲಿ ನೆಲಕ್ಕೆ ಅರ್ಧ ಅಡಿ ಮಣ್ಣು ಹಾಕಿ ನಿಜವಾದ ತೋಟವನ್ನೇ ಮಾಡಿಬಿಡೋಣ’ ಎಂದು ಉತ್ಸಾಹಿಗಳಿಗೆ ಅನ್ನಿಸುತ್ತದೆ. ಅರ್ಧ ಅಡಿಯೆಂದರೆ 50 ಘನ ಅಡಿ ಮಣ್ಣು. ಒದ್ದೆ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಗುಣಿಸಿ ನೋಡಿ, ಎರಡು ಟನ್ನಿಗೂ ಹೆಚ್ಚು! ಅದನ್ನು ತರಬೇಕು, ಹತ್ತು ದಿನದ ಮೇಲೆ ಮತ್ತೆ ಹೊರಬೇಕು. ಬದಲಿಗೆ ಗಿಡಗಳನ್ನು ಕುಂಡದಲ್ಲೇ ಇಟ್ಟು, ಸುತ್ತ ಹಗುರವಾದ ತೆಂಗಿನ ನಾರಿನ ಪುಡಿ ತುಂಬಿ, ಮೇಲೆ ತೆಳುವಾಗಿ ಪಾಚಿ ಹೊದಿಸಿದರೆ ನೋಟ ಅದೇ, ಹೊರೆ ಇಲ್ಲ.

ಎರಡನೆಯದು ಬೆಳಕು. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿರುತ್ತದೆ. ದೀಪ ಹಾಕಿದ ಸಭಾಂಗಣದೊಳಗೆ ಅದು ಕೆಲವು ನೂರು ಲಕ್ಸ್ ಮಾತ್ರ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಈ ವ್ಯತ್ಯಾಸವನ್ನು ಮರೆಸುತ್ತದೆ, ಎಲೆಗೆ ಆ ಸೌಕರ್ಯವಿಲ್ಲ. ಬಿಸಿಲಿನ ಗಿಡವನ್ನು ನೇರವಾಗಿ ಒಳಗೆ ತಂದಿಟ್ಟರೆ ಅದು ತಯಾರಿಸುವ ಆಹಾರ ಅದರ ಉಸಿರಾಟಕ್ಕೇ ಸಾಲದೆ, ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗಿ ಉದುರತೊಡಗುತ್ತದೆ. ಅದಕ್ಕಾಗಿ ಕೆಲವು ವಾರ ಮೊದಲಿಂದ ಗಿಡಗಳನ್ನು ಹಸಿರು ಬಲೆಯ ನೆರಳಿನಲ್ಲಿಟ್ಟು ಒಗ್ಗಿಸಬೇಕು. ಎರಡು ಜೊತೆ ಗಿಡಗಳನ್ನು ಇಟ್ಟುಕೊಂಡು ಮೂರು ನಾಲ್ಕು ದಿನಕ್ಕೊಮ್ಮೆ ಬದಲಾಯಿಸುವುದು ಇನ್ನೂ ಉತ್ತಮ.

ಮೂರನೆಯದು ಕಣ್ಣಿಗೆ ಕಾಣದ ಶತ್ರು, ಎಥಿಲೀನ್ ಅನಿಲ. ಬಟಾಣಿ ಮೊಳಕೆಗಳು ಸೊಟ್ಟಗೆ ಬೆಳೆಯಲು ದೀಪದ ಅನಿಲದಲ್ಲಿದ್ದ ಎಥಿಲೀನ್ ಕಾರಣವೆಂದು 1901ರಲ್ಲಿ ನೆಲ್ಯುಬೋವ್ ಎಂಬ ರಷ್ಯಾದ ವಿಜ್ಞಾನಿ ತೋರಿಸಿಕೊಟ್ಟ. ಮಾಗುವ ಹಣ್ಣುಗಳೂ ವಾಹನದ ಹೊಗೆಯೂ ಇದನ್ನು ಹೊರಬಿಡುತ್ತವೆ, ಅನೇಕ ಹೂಗಳು ಇದರಿಂದ ಬೇಗ ಬಾಡುತ್ತವೆ. ಆದ್ದರಿಂದ ಮಧ್ಯಾಹ್ನದ ಬುತ್ತಿಯೊಡನೆ ತಂದ ಬಾಳೆಹಣ್ಣಿನ ಚಿಪ್ಪನ್ನು ಹೂಕುಂಡದ ಹಿಂದೆ ಬಚ್ಚಿಡಬೇಡಿ!

ನಾಲ್ಕನೆಯದು ನನ್ನ ಕಸುಬಿಗೂ ಸೇರಿದ ವಿಷಯ, ನೋಟ. ಕಿರುತೆರೆಯಲ್ಲಿ ಅಕ್ಷರ ತೋರಿಸುವಾಗ, ನಿಧಾನವಾಗಿ ಓದುವವರೂ ಓದಿ ಮುಗಿಸುವಷ್ಟು ಹೊತ್ತು ಅದನ್ನು ನಿಲ್ಲಿಸುತ್ತೇವೆ. ಪ್ರದರ್ಶನದಲ್ಲಿ ಜನ ಸೆಕೆಂಡಿಗೆ ಎರಡು ಮೂರು ಅಡಿ ನಡೆದರೂ ಹತ್ತಡಿಯ ನಿಮ್ಮ ಮಳಿಗೆ ನಾಲ್ಕೈದು ಸೆಕೆಂಡಿನಲ್ಲಿ ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಓದಲು ಆಗುವುದು ಐದಾರು ಪದ. ‘ಎಲ್ಲಾ ವಿಧವಾದ ಉದ್ಯಾನ ವಿನ್ಯಾಸ, ನಿರ್ಮಾಣ ಹಾಗೂ ನಿರ್ವಹಣಾ ಕಾರ್ಯಗಳು’ ಎಂದು ಬರೆಸುವ ಬದಲು ‘ಸಣ್ಣ ಅಂಗಳಕ್ಕೆ, ಕಡಿಮೆ ನೀರಿನ ತೋಟ’ ಎಂದರೆ ಸಾಕು. ಹತ್ತಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರ ಸ್ಥೂಲ ಲೆಕ್ಕ. ನಮ್ಮ ಕನ್ನಡಕ್ಕೆ ಒತ್ತಕ್ಷರಗಳಿರುವುದರಿಂದ ಇನ್ನೂ ಸ್ವಲ್ಪ ದೊಡ್ಡದಾಗಿಯೇ ಇರಲಿ. ಮೇಜನ್ನು ಮಳಿಗೆಯ ಬಾಯಿಗೆ ಅಡ್ಡ ಇಡಬೇಡಿ, ಅದು ಗೋಡೆಯಂತೆ ಕಾಣುತ್ತದೆ. ಪಕ್ಕಕ್ಕಿಟ್ಟು, ಒಳಗೆ ನಾಲ್ಕು ಹೆಜ್ಜೆಯ ಕಲ್ಲುಹಾದಿ ಮಾಡಿದರೆ ಜನ ತಾವಾಗಿಯೇ ಒಳಬರುತ್ತಾರೆ.

ಮಾತು ಹೇಗಿರಬೇಕು?

‘ಬನ್ನಿ ಸಾರ್, ಏನು ಬೇಕು?’ ಎಂದರೆ, ‘ಏನಿಲ್ಲ, ಸುಮ್ಮನೆ ನೋಡ್ತಾ ಇದ್ದೀನಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾತು ಅಲ್ಲಿಗೇ ಮುಗಿಯಿತು. ಬದಲಿಗೆ ಹೀಗೆ ಕೇಳಿ ನೋಡಿ:

‘ಅಮ್ಮಾ, ನಿಮ್ಮ ಮನೆ ಮುಂದೆ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?’

‘ಬೆಳಗ್ಗೆ ಎರಡು ಗಂಟೆ ಅಷ್ಟೇನಪ್ಪ. ಎದುರುಗಡೆ ಮೂರಂತಸ್ತು ಕಟ್ಟಿಬಿಟ್ಟಿದ್ದಾರೆ.’

‘ಹಾಗಿದ್ದರೆ ಗುಲಾಬಿ ಹಾಕಿಸಬೇಡಿ, ದುಡ್ಡು ದಂಡ. ನೆರಳು ತಡೆಯುವ ಗಿಡ ತೋರಿಸ್ತೀನಿ ಬನ್ನಿ.’

ಈ ಮೂರು ಮಾತಿನಲ್ಲಿ ಎಷ್ಟೊಂದು ಆಯಿತು ನೋಡಿ. ಆಕೆಗೆ ಸ್ವಂತ ಅಂಗಳವಿದೆ ಎಂದು ಇವನಿಗೆ ತಿಳಿಯಿತು. ಈತ ಮಾರಲು ಅವಸರಪಡುವವನಲ್ಲ, ತಿಳಿದವನು ಎಂದು ಆಕೆಗೆ ತಿಳಿಯಿತು. ‘ಬೇಡಿ’ ಎಂಬ ಒಂದು ಮಾತು ಹತ್ತು ‘ತಗೊಳ್ಳಿ’ಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇಂದಿನ ಗಿರಾಕಿ ತಪ್ಪದೆ ಕೇಳುವ ಪ್ರಶ್ನೆ ನೀರಿನದು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಂಥ ಊರಿನಲ್ಲಿ ತೋಟ ಮಾರುವವನು ನೀರಿನ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರಬೇಕು. ಲೆಕ್ಕವೇನೂ ಕಠಿಣವಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸಿನಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಹಿಡಿಯಿರಿ. ಹತ್ತಡಿಗೆ ಹತ್ತಡಿಯ ಹುಲ್ಲುಹಾಸು 9.3 ಚದರ ಮೀಟರ್. ದಿನಕ್ಕೆ ಸುಮಾರು 46 ಲೀಟರ್, ಅಂದರೆ ಮೂರು ಬಕೆಟ್. ‘ಅಮ್ಮಾ, ಬೇಸಿಗೆಯಲ್ಲಿ ದಿನಾ ಮೂರು ಬಕೆಟ್ ನೀರು ಬೇಕಾಗುತ್ತೆ. ತರಕಾರಿ ತೊಳೆದ ನೀರು ಸಾಲುತ್ತಾ ನೋಡಿ. ಸಾಲದಿದ್ದರೆ ಹುಲ್ಲು ಅರ್ಧ ಮಾಡಿ, ಉಳಿದ ಕಡೆ ಕಣಗಿಲೆ, ದಾಸವಾಳ, ನಂದಿಬಟ್ಟಲು ಹಾಕೋಣ’ ಎಂದು ಹೇಳಬಲ್ಲವನಿಗೆ ಯಾವ ಬಣ್ಣದ ಕರಪತ್ರವೂ ಬೇಕಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆಯಿದೆ. ಆದರೆ ಬರಗಾಲದಲ್ಲಿ ಉಳಿಯುವುದು ಈ ಹಿತ್ತಲ ಗಿಡಗಳೇ.

ಸಂತೆಯ ಹೊತ್ತಿಗೆ ಅರಳಿದ ಹೂ

ಈಗ ಸ್ವಲ್ಪ ಸೂಕ್ಷ್ಮವಾದ ವಿಷಯ. ಪ್ರದರ್ಶನದಲ್ಲಿ ಎಲ್ಲ ಹೂಗಳೂ ಒಂದೇ ವಾರ ಅರಳಿರುವುದು ಆಕಸ್ಮಿಕವಲ್ಲ. ಗಿಡಗಳು ಹಗಲು ರಾತ್ರಿಗಳ ಉದ್ದವನ್ನು ಅಳೆದು ಹೂ ಬಿಡುತ್ತವೆಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಸೇವಂತಿಗೆಗೆ ಉದ್ದವಾದ ರಾತ್ರಿ ಬೇಕು. ಸಂಜೆಗೆ ಮೊದಲೇ ಕಪ್ಪು ಬಟ್ಟೆ ಹೊದಿಸಿ ಅದನ್ನು ಬೇಗ ಅರಳಿಸಬಹುದು, ರಾತ್ರಿ ದೀಪ ಉರಿಸಿ ತಡಮಾಡಬಹುದು. ಪೆಟೂನಿಯ, ಸಾಲ್ವಿಯ, ಚೆಂಡು ಹೂಗಳನ್ನು ದಿನ ಎಣಿಸಿ ಬಿತ್ತುತ್ತಾರೆ. ಇದೆಲ್ಲ ನಿಜವಾದ ಕೌಶಲ. ಪ್ರದರ್ಶನದ ಸೊಬಗು ಇರುವುದೇ ಇದರಲ್ಲಿ.

ಆದರೆ ಇದೇ ಹೂಗಳನ್ನು ಮಳಿಗೆಯಲ್ಲಿ ಜೋಡಿಸಿ ‘ನಿಮ್ಮ ತೋಟವೂ ಹೀಗೇ ಇರುತ್ತದೆ’ ಎಂದರೆ ಅದು ಸತ್ಯವಲ್ಲ. ಋತುಮಾನದ ಹೂ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಗಿರಾಕಿಯ ಅಂಗಳದಲ್ಲಿ ಒಣಕಡ್ಡಿ ಉಳಿಯುತ್ತದೆ, ಊರಲ್ಲಿ ಕೆಟ್ಟ ಹೆಸರು ಉಳಿಯುತ್ತದೆ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಬಟ್ಟೆ ಎಷ್ಟು ದಿನ ಬಾಳೀತು?

ಇದಕ್ಕೆ ಪ್ರತಿಯಾದ ಉದಾಹರಣೆಯೂ ನಮ್ಮ ಊರಿನಲ್ಲೇ ಇದೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಬೆಂಗಳೂರಿನ ಸಾಲುಮರಗಳನ್ನು ಆರಿಸುವಾಗ, ಒಂದರ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಜಾತಿಗಳನ್ನು ಜೋಡಿಸಿದರು. ವರ್ಷದ ಯಾವ ತಿಂಗಳಲ್ಲೂ ನಗರದ ಯಾವುದೋ ಒಂದು ಬೀದಿಯಲ್ಲಿ ಹೂವಿರಬೇಕು ಎಂಬುದು ಅವರ ಯೋಜನೆ. ಪ್ರದರ್ಶನದ ತೋಟ ಒಂದು ವಾರಕ್ಕೆ, ಬದುಕಿನ ತೋಟ ಹನ್ನೆರಡು ತಿಂಗಳಿಗೆ.

ಹಾಗಾದರೆ ಸಣ್ಣ ಮಳಿಗೆಯವನು ಏನು ತೋರಿಸಬೇಕು? ಮೂರು ಛಾಯಾಚಿತ್ರ. ತಾನೇ ಮಾಡಿದ ಒಂದೇ ಅಂಗಳದ್ದು, ಒಂದೇ ಜಾಗದಲ್ಲಿ ನಿಂತು ತೆಗೆದದ್ದು: ನೆಟ್ಟ ತಿಂಗಳು, ಒಂದು ವರ್ಷದ ನಂತರ, ಮೂರು ವರ್ಷದ ನಂತರ. ಮೊದಲನೆಯದರಲ್ಲಿ ಮಣ್ಣೇ ಹೆಚ್ಚು ಕಾಣಲಿ, ನಾಚಿಕೆಪಡಬೇಕಾಗಿಲ್ಲ. ಆ ಮನೆಯವರ ಒಪ್ಪಿಗೆ ಪಡೆದು ‘ಬೇಕಾದರೆ ಹೋಗಿ ನೋಡಿ ಬನ್ನಿ’ ಎನ್ನುವಂತಿದ್ದರೆ ಅದಕ್ಕಿಂತ ದೊಡ್ಡ ಜಾಹೀರಾತಿಲ್ಲ. ಮಿಕ್ಸಿಯವನು ಚಟ್ನಿ ರುಬ್ಬಿ ತೋರಿಸಿದ ಹಾಗೆ, ಈತ ಕಾಲವನ್ನೇ ರುಬ್ಬಿ ತೋರಿಸಿದಂತಾಯಿತು.

ನೋಟ್‌ಪುಸ್ತಕವೇ ಗಲ್ಲಾಪೆಟ್ಟಿಗೆ

ಪ್ರದರ್ಶನ ಮುಗಿದ ದಿನ ಉದ್ಯಾನದವನ ಕೈಯಲ್ಲಿ ಉಳಿಯಬೇಕಾದದ್ದು ಒಂದು ನೋಟ್‌ಪುಸ್ತಕ. ಹೆಸರು, ಬಡಾವಣೆ, ದೂರವಾಣಿ ಸಂಖ್ಯೆ, ಅಂಗಳದ ಅಳತೆ, ಬಿಸಿಲು, ನೀರಿನ ಮೂಲ, ಮತ್ತು ಮಾತಿನ ನಡುವೆ ಬಂದ ಒಂದು ವಿಶೇಷ: ‘ಅಜ್ಜಿಗೆ ಪೂಜೆಗೆ ಹೂ ಬೇಕು’, ‘ನಾಯಿ ಇದೆ’, ‘ಏಪ್ರಿಲ್‌ನಲ್ಲಿ ಗೃಹಪ್ರವೇಶ’. ಮೊಬೈಲಿನಲ್ಲಿ ಬರೆದುಕೊಂಡರೂ ಸರಿಯೇ. ಕರಪತ್ರ ಹಂಚುವುದು ಸುಲಭ, ಆದರೆ ಅದರ ಮೇಲೆ ಮನೆ ತಲುಪುವ ಮೊದಲೇ ಕಡಲೆಕಾಯಿ ಸಿಪ್ಪೆ ಬಿದ್ದಿರುತ್ತದೆ. ನೀವು ಕೊಟ್ಟ ಕಾಗದಕ್ಕಿಂತ ನೀವು ಬರೆದುಕೊಂಡ ಸಾಲಿಗೆ ಬೆಲೆ ಹೆಚ್ಚು. ಒಂದು ಮಾತು ನೆನಪಿರಲಿ: ನಂಬಿ ಕೊಟ್ಟ ಆ ದೂರವಾಣಿ ಸಂಖ್ಯೆಗಳನ್ನು ಬೇರೆಯವರಿಗೆ ಕೊಡಬಾರದು, ಮಾರಬಾರದು.

ಎಷ್ಟು ದಿನದೊಳಗೆ ಅವರನ್ನು ಮತ್ತೆ ಕಾಣಬೇಕು? ಮನುಷ್ಯನ ಮರೆವನ್ನು ಅಳೆದ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತೋರಿಸಿದಂತೆ ಮರೆವು ಮೊದಲ ಕೆಲವು ಗಂಟೆ, ದಿನಗಳಲ್ಲೇ ಅತಿ ವೇಗ. ವಾರದೊಳಗೆ ಫೋನ್ ಮಾಡಿದರೆ ‘ಓ, ಗುಲಾಬಿ ಬೇಡ ಅಂದಿದ್ದು ನೀವೇ ತಾನೆ?’ ಎನ್ನುತ್ತಾರೆ. ತಿಂಗಳು ಬಿಟ್ಟರೆ, ‘ಯಾರು?’ ಎನ್ನುತ್ತಾರೆ.

ಕೊನೆಯದಾಗಿ ಹಣದ ಲೆಕ್ಕ. ಇಲ್ಲಿನ ಅಂಕಿಗಳು ಲೆಕ್ಕ ಕಲಿಯುವುದಕ್ಕಾಗಿ ಹಿಡಿದವು, ಯಾವುದೇ ಮಳಿಗೆಯವಲ್ಲ. ಬಾಡಿಗೆ 20,000, ಅಲಂಕಾರ 15,000, ಸಾಗಾಣಿಕೆ 5,000, ಕೂಲಿ ಮತ್ತು ಊಟ 10,000, ಒಟ್ಟು 50,000 ರೂಪಾಯಿ. ಮಾತಾಡಿಸಿದ 600 ಮಂದಿಯಲ್ಲಿ 100 ಹೆಸರು ಪುಸ್ತಕಕ್ಕೆ ಬಂದವು. 40 ಅಂಗಳಗಳನ್ನು ಹೋಗಿ ನೋಡಿದಿರಿ, ಪೆಟ್ರೋಲಿಗೆ 4,000. ಹನ್ನೆರಡು ಮಂದಿ ಅಂದಾಜು ಪಟ್ಟಿ ಕೇಳಿದರು, ಐದು ಮಂದಿ ಒಪ್ಪಿದರು. ಒಂದು ಕೆಲಸಕ್ಕೆ 12,000 ಉಳಿದರೆ ಬಂದದ್ದು 60,000. ಖರ್ಚು ಕಳೆದು ಕೈಯಲ್ಲಿ 6,000. ಇಷ್ಟು ದುಡಿದು ಇಷ್ಟೇನಾ? ಒಪ್ಪಿದವರು ನಾಲ್ಕೇ ಮಂದಿಯಾಗಿದ್ದರೆ 6,000 ನಷ್ಟ!

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಆ ಐದು ಅಂಗಳಗಳನ್ನು ತಿಂಗಳಿಗೊಂದಿಷ್ಟು ಹಣಕ್ಕೆ ನೋಡಿಕೊಳ್ಳುವ ಒಪ್ಪಂದವಾಯಿತು ಎನ್ನಿ. ಮಾಲಿಯ ಕೂಲಿ, ಗೊಬ್ಬರ ಕಳೆದು ಒಂದೊಂದರಿಂದ ತಿಂಗಳಿಗೆ 400 ರೂಪಾಯಿ ಉಳಿದರೂ ವರ್ಷಕ್ಕೆ 24,000, ಮೂರು ವರ್ಷಕ್ಕೆ 72,000. ನೆಟ್ಟು ಕೈತೊಳೆದುಕೊಂಡವನಿಗೆ 6,000. ಕೊಟ್ಟ ಮಾತಿನಂತೆ ಮೂರು ವರ್ಷ ಜೊತೆಗಿದ್ದವನಿಗೆ ಅದರ ಮೇಲೆ 72,000. ಅಷ್ಟೇ ಅಲ್ಲ, ಮುಂದಿನ ಪ್ರದರ್ಶನಕ್ಕೆ ಐದು ಹೊಸ ‘ಮೂರನೆಯ ವರ್ಷದ’ ಚಿತ್ರಗಳು. ಪ್ರಾಮಾಣಿಕತೆ ನೀತಿಪಾಠದ ವಿಷಯ ಮಾತ್ರವಲ್ಲ, ಅದಕ್ಕೊಂದು ಅಂಕಗಣಿತವೂ ಇದೆ.

ನೀವು ಮಾಡಬಹುದಾದದ್ದು

ಮುಂದಿನ ಪ್ರದರ್ಶನಕ್ಕೆ ಹೋದಾಗ ಒಂದು ಪೆನ್ಸಿಲು, ಒಂದು ಹಾಳೆ ಕೊಂಡೊಯ್ಯಿರಿ. ಯಾವುದಾದರೂ ಮಳಿಗೆಯ ಎದುರು, ಯಾರಿಗೂ ತೊಂದರೆಯಾಗದಂತೆ ಹದಿನೈದು ನಿಮಿಷ ನಿಂತುಕೊಳ್ಳಿ. ಎಷ್ಟು ಜನ ಹಾದುಹೋದರು, ಎಷ್ಟು ಜನ ತಿರುಗಿ ನೋಡಿದರು, ಎಷ್ಟು ಜನ ಒಳಗೆ ಹೋದರು, ಎಷ್ಟು ಜನರ ಹೆಸರನ್ನು ಬರೆದುಕೊಳ್ಳಲಾಯಿತು? ನಾಲ್ಕು ಅಂಕಿ ಬರೆದುಕೊಳ್ಳಿ. ಪಕ್ಕದ ಮಳಿಗೆಯಲ್ಲೂ ಹಾಗೆಯೇ ಮಾಡಿ, ವ್ಯತ್ಯಾಸಕ್ಕೆ ಕಾರಣವೇನೆಂದು ಯೋಚಿಸಿ. ನಿಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಿಮ್ಮ ಮಾದರಿಯ ಹಿಂದೆ ನೀವು ನಿಲ್ಲುವಾಗಲೂ ಈ ನಾಲ್ಕು ಅಂಕಿಗಳು ಉಪಯೋಗಕ್ಕೆ ಬರುತ್ತವೆ.

ಆಗ ‘ಕೈತೋಟ ಮಾಡಿಕೊಡಲಾಗುವುದು’ ಎಂಬ ಫಲಕದ ಹಿಂದೆ ಕುಳಿತವನ ಬಳಿಗೂ ಹೋಗಿ, ಆತ ಮಾಡಿದ ತೋಟವೊಂದರ ಮೂರು ವರ್ಷದ ನಂತರದ ಚಿತ್ರ ಇದೆಯೇ ಎಂದು ಕೇಳಿ. ಇದ್ದರೆ ಸಂತೋಷದಿಂದ ತೋರಿಸುತ್ತಾನೆ. ಇಲ್ಲದಿದ್ದರೂ, ಕ್ಯಾಮೆರಾ ಹಿಡಿದು ಹಳೆಯ ಗಿರಾಕಿಯ ಮನೆಗೆ ಹೋಗಬೇಕೆಂಬ ಯೋಚನೆ ಆ ಸಂಜೆ ಅವನಿಗೆ ಹೊಳೆದೀತು.